ಗೇಟಿನ ಶ್ರುತಿ

ಮನೆಯಿಂದ,
ಮಾರ್ಚ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಎಡಗೈ ಹೇಗಿದೆ ಎಂದು ಹೋದ ಸಲ ಫೋನಿನಲ್ಲಿ ಕೇಳಿದ್ದಕ್ಕೆ "ಅದು ಅದರ ಪಾಡಿಗಿದೆ, ನಾನು ನನ್ನ ಪಾಡಿಗಿದ್ದೀನಿ" ಅಂದೆ. ಮಾತು ಬಿಟ್ಟ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗಿತ್ತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ದಿನಾ ಹಿಸುಕುತ್ತಿದ್ದೀಯೋ, ಇಲ್ಲ ಅದು ಮಂಚದ ಕೆಳಗೆ ಸೇರಿ ದೂಳು ತಿನ್ನುತ್ತಿದೆಯೋ? ಸುಳ್ಳು ಹೇಳಬೇಡ, ಅತ್ತಿಗೆಯನ್ನು ಕೇಳುತ್ತೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಇವರು ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ, ಅದನ್ನು ತಲೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುತ್ತಾರೆ. ಮಗಳಿಗೆ ಪರೀಕ್ಷೆ ಹತ್ತಿರ, ಆದ್ದರಿಂದ ಅವಳ ಕೋಣೆ ಬಹಳ ಒಪ್ಪವಾಗಿದೆ. ಓದುವುದೊಂದನ್ನು ಬಿಟ್ಟು ಬೇರೆಲ್ಲ ಕೆಲಸವೂ ಆಗುತ್ತಿದೆ.

ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಎಂದುಕೊಳ್ಳುತ್ತಿದ್ದೀಯ ಅಲ್ಲವೇ? ಫೋನಿನಲ್ಲಿ ನಾನು ಗಿಟಾರ್ ಎನ್ನುವ ಮೊದಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. "ಹಲೋ, ಹಲೋ, ಕೇಳಿಸ್ತಿಲ್ಲ ಕಣೇ, ತಗೋ ಅತ್ತಿಗೆ ಹತ್ರ ಮಾತಾಡು" ಅನ್ನುತ್ತೀಯ. ಮರುಕ್ಷಣವೇ ಅದೇ ಫೋನಿನಲ್ಲಿ ಅತ್ತಿಗೆಯ ದನಿ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಕಾಗದಕ್ಕೆ ಆ ಕಾಟವಿಲ್ಲ. ನೀನು ಮಡಿಸಿಟ್ಟರೂ ಅದು ಹೇಳಬೇಕಾದದ್ದನ್ನು ಹೇಳಿಕೊಂಡು ಕೂತಿರುತ್ತದೆ. ಬೈಂಡಿಂಗ್ ಪ್ರೆಸ್ಸಿನಲ್ಲಿ ಕೈ ಸಿಕ್ಕಿಹಾಕಿಕೊಂಡು ಮೂರು ಬೆರಳು ಸೆಟೆದುಕೊಂಡ ಮೇಲೆ ನೀನು ಆ ಕೆಲಸ ಬಿಟ್ಟೆ, ಊರು ಬಿಟ್ಟೆ, ಕಾಗದದ ಗೋದಾಮಿನ ಮೇಜಿಗೆ ಹೋದೆ. ಅದೆಲ್ಲ ನನಗೆ ಅರ್ಥವಾಯಿತು. ಆದರೆ ಹೊರಡುವ ದಿನ ಗಿಟಾರನ್ನು ನಮ್ಮ ನಡುಮನೆಯ ಗೋಡೆಗೆ ಒರಗಿಸಿ, "ಬೇಕಾದ್ರೆ ಇಟ್ಕೋ, ಬೇಡಾಂದ್ರೆ ಒದ್ದೆ ಬಟ್ಟೆ ನೇತು ಹಾಕ್ಕೋ" ಎಂದು ನಕ್ಕೆಯಲ್ಲ, ಆ ನಗು ನನಗೆ ಇವತ್ತಿನವರೆಗೂ ಒಗ್ಗಿಲ್ಲ. ನಿನ್ನೊಳಗಿನ ಸಂಗೀತ ಬೆರಳಿನ ಜೊತೆಗೇ ಹೋಯಿತು ಎಂದು ನೀನು ನಂಬಿದ್ದೀಯ. ನಾನು ನಂಬಿಲ್ಲ. ಈ ಕಾಗದ ಇರುವುದು ಅದಕ್ಕೆ.

ಬಟ್ಟೆ ನೇತು ಹಾಕಲಿಲ್ಲ. ಪಠ್ಯಪುಸ್ತಕಗಳ ಕರಡು ತಿದ್ದಿ ತಿದ್ದಿ ಕಣ್ಣು ಉರಿದಾಗ ಅದನ್ನು ಎತ್ತಿಕೊಳ್ಳುತ್ತಿದ್ದೆ. ಚಿಕ್ಕಂದಿನಲ್ಲಿ ನೀನು ಹೇಳಿಕೊಟ್ಟದ್ದೆಲ್ಲ ಬೆರಳಿನಲ್ಲಿ ಹಾಗೇ ಉಳಿದಿತ್ತು, ತಲೆಗೆ ಮಾತ್ರ ಮರೆತಿತ್ತು. ಒಂದು ದಿನ ಮಗಳು ಬಾಗಿಲ ಬಳಿ ನಿಂತು ಕೇಳಿ, "ಅಮ್ಮಾ, ಇದನ್ನ ರೆಕಾರ್ಡ್ ಮಾಡು. ನಿನ್ನ ಥರದವರದ್ದೇ ಒಂದು ಗುಂಪಿದೆ" ಅಂದಳು. ನನ್ನ ಥರದವರು ಅಂದರೆ ಯಾರು ಎಂದು ಕೇಳಿದರೆ, "ಚೆನ್ನಾಗಿ ಬಾರಿಸ್ತಾರೆ, ಆದ್ರೆ ಯಾರೂ ದುಡ್ಡು ಕೊಟ್ಟು ಕೇಳಲ್ಲ, ಅಂಥವರು" ಅಂದಳು. ಹೆತ್ತ ಮಗಳು! ಅವಳೇ ನನ್ನ ಲ್ಯಾಪ್‌ಟಾಪಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿ, ಬಟ್ಟೆಯ ಬೀರುವಿನ ಬಾಗಿಲು ತೆರೆದು, ಸ್ವೆಟರು, ಕಂಬಳಿಗಳ ಎದುರಿಗೆ ನನ್ನನ್ನು ಕೂರಿಸಿದಳು. ಮೆತ್ತನೆಯ ಬಟ್ಟೆ ಕೋಣೆಯ ಮಾರ್ದನಿಯನ್ನು ನುಂಗಿಬಿಡುತ್ತದಂತೆ. ಇವರ ಮದುವೆಯ ಕೋಟಿಗೆ ನಾನು ದಿನಾ ಕಚೇರಿ ಕೊಡುತ್ತಿದ್ದೇನೆ. ಅದು ಎದ್ದು ಹೋಗಿಲ್ಲ, ಅಷ್ಟರಮಟ್ಟಿಗೆ ರಸಿಕ.

ಗುಂಪಿನ ವಿಷಯ ಹೇಳುತ್ತೇನೆ, ನಿನಗೆ ಹಿಡಿಸುತ್ತದೆ. ಎಲ್ಲರೂ ಮನೆಯಲ್ಲೇ ಹಾಡಿಲ್ಲದ ಬರೀ ವಾದ್ಯದ ತುಣುಕುಗಳನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಕೇಳಿಸುವವರು. ಅಲ್ಲಿ ಸೂಪರ್, ಅದ್ಭುತ ಎಂದೆಲ್ಲ ಬರೆಯುವಂತಿಲ್ಲ. ಕೇಳುವಾಗ ನಿನ್ನ ಕೈಯಲ್ಲಿದ್ದ ಕೆಲಸ ಯಾವ ಜಾಗದಲ್ಲಿ ನಿಂತಿತು, ಅದನ್ನು ಮಾತ್ರ ಬರೆಯಬೇಕು. "ತಗ್ಗಿನ ತಂತಿ ಬಂದಾಗ ಪಾತ್ರೆ ತೊಳೆಯೋದು ನಿಂತ್ಹೋಯ್ತು" ಎಂದು ಒಬ್ಬರು, "ಎಲ್ಲೂ ನಿಲ್ಲಲಿಲ್ಲ, ಇಸ್ತ್ರಿ ಪೂರ್ತಿ ಮುಗೀತು, ಕ್ಷಮಿಸಿ" ಎಂದು ಇನ್ನೊಬ್ಬರು. ಇಷ್ಟು ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಎಂ.ಎ. ತರಗತಿಯಲ್ಲೂ ಕೇಳಿರಲಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಆಗಾಗ ಯಾರಾದರೂ ಒಂದು ತುಣುಕನ್ನು ಮಧ್ಯೆ ಸ್ವಲ್ಪ ಜಾಗ ಬಿಟ್ಟು ಹಾಕುತ್ತಾರೆ, ಬೇರೆಯವರು ಅಲ್ಲಿ ತಮ್ಮ ಪಾಲು ಬಾರಿಸಿ ಸೇರಿಸುತ್ತಾರೆ. ಆ ಜಾಗಕ್ಕೆ ಖಾಲಿ ಕುರ್ಚಿ ಎಂದು ಹೆಸರು. ಕವಿತೆಯ ಸಾಲು ಮುಗಿದ ಮೇಲೆ ಹಾಳೆಯ ಅಂಚಿನವರೆಗೂ ಉಳಿಯುವ ಬಿಳಿ ಜಾಗ ನೆನಪಾಗುತ್ತದೆ ನನಗೆ. ಬರೆದವರು ಅಲ್ಲಿ ಸುಮ್ಮನಿರುವುದರಿಂದಲೇ ಓದುವವರಿಗೆ ಕೂರುವುದಕ್ಕೆ ಎಡೆಯಾಗುತ್ತದೆ.

ಇನ್ನು ನನ್ನ ಎಡವಟ್ಟು ಕೇಳು. ನಾನು ಮೊದಲು ಹಾಕಿದ ತುಣುಕಿನ ಖಾಲಿ ಕುರ್ಚಿಗೆ ಯಾರು ಬಂದರೂ ಕೂರಲಾಗಲಿಲ್ಲ. ಗುಂಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಖಡಕ್ ಹೆಂಗಸು. "ಇದ್ಯಾವ ಶ್ರುತಿ ತಾಯಿ? ನನ್ನ ಗಿಟಾರ್ ಜೊತೆ ಸೇರಿಸಿದ್ರೆ ಹಲ್ಲು ಜುಮ್ಮನ್ನುತ್ತೆ. ಹಲ್ಲಿನ ವಿಷಯ ನಾನು ಸುಮ್ನೆ ಹೇಳಲ್ಲ" ಎಂದು ಬರೆದರು. ಕೀಬೋರ್ಡಿನವರು ಕೈಚೆಲ್ಲಿದರು, ಕೊಳಲಿನವರು ಕೊಳಲು ಬಿಸಿಲಿಗೆ ಬಿರಿಯಿತೇನೋ ಎಂದು ಹೆದರಿದರು. ನನಗೋ ಅವಮಾನ. ನನ್ನ ಆರೂ ತಂತಿ ಒಂದಕ್ಕೊಂದು ಕೂಡಿಯೇ ಇದ್ದವು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳಿಗೆ ತನ್ನದೇ ತಪ್ಪು ಸಿಗಲಿಲ್ಲ. ಕೊನೆಗೆ ಮಗಳು ಫೋನಿನಲ್ಲಿ ಶ್ರುತಿ ತೋರಿಸುವ ಒಂದು ಮುಳ್ಳನ್ನು ಹಾಕಿಕೊಟ್ಟಳು. ಒಂದೊಂದೇ ತಂತಿ ಮೀಟಿದೆ. ಮುಳ್ಳು ಯಾವ ಸ್ವರದ ಮೇಲೂ ನಿಲ್ಲಲಿಲ್ಲ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಬೆಕ್ಕು ಕೂತ ಹಾಗೆ ಎರಡು ಸ್ವರಗಳ ನಡುವೆ ಕೂತುಬಿಟ್ಟಿತು.

ಯಾಕೆಂದು ನಿನಗೆ ಈಗಾಗಲೇ ಹೊಳೆದಿರಬೇಕು, ಕಳ್ಳ! ಅಪ್ಪ ಹಳೆಯ ನೀರಿನ ಪೈಪುಗಳನ್ನು ಬೆಸೆಸಿ ಮಾಡಿಸಿದ ಗೇಟು. ಅದರ ಚಿಲಕ ಕಂಬಕ್ಕೆ ಬಡಿದರೆ ಟಣ್ ಎಂದು ಒಂದೇ ಸ್ವರ, ಬಿಸಿಲಿರಲಿ ಚಳಿಯಿರಲಿ. ಮೆಟ್ಟಿಲ ಮೇಲೆ ಗಿಟಾರ್ ಹಿಡಿದು ಕೂತು ನೀನು "ಲೇ, ಹೋಗಿ ಗೇಟ್ ಬಡಿಯೇ" ಅನ್ನುವುದು, ನಾನು ಓಡಿಹೋಗಿ ಚಿಲಕ ಎತ್ತಿ ಬಿಡುವುದು, ನೀನು ನಾಲ್ಕನೇ ತಂತಿಯನ್ನು ಅದಕ್ಕೆ ಕೂಡಿಸಿ ಉಳಿದವನ್ನೆಲ್ಲ ಅದರ ಹಿಂದೆ ಸಾಲು ನಿಲ್ಲಿಸುವುದು. ಅಪ್ಪ ಒಳಗಿನಿಂದ "ಯಾರೋ ಬಂದ್ರು ನೋಡ್ರೋ" ಎಂದು ಕೂಗಿ ಕೂಗಿ ಸಾಕಾಗಿದ್ದರು. ಲೋಕದ ಗಿಟಾರುಗಳೆಲ್ಲ ಹೀಗೇ ಶ್ರುತಿಯಾಗುತ್ತವೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಇವತ್ತಿಗೂ ಬಾರಿಸುವ ಮೊದಲು ಹೋಗಿ ಚಿಲಕ ಬಡಿದು ಬರುತ್ತೇನೆ. ಎದುರು ಮನೆಯ ಟೈಲರ್, ನಾನು ಯಾರನ್ನೋ ಕಾಯುತ್ತಿದ್ದೇನೆ ಎಂದುಕೊಂಡಿದ್ದಾನೆ. ಒಂದು ಲೆಕ್ಕದಲ್ಲಿ ಅವನು ಅಂದುಕೊಂಡದ್ದೂ ಸರಿಯೇ.

ವಿಷಯ ಗೊತ್ತಾದ ಮೇಲೆ ಗಿಟಾರನ್ನು ಮುಳ್ಳು ಹೇಳಿದ ಹಾಗೆ ತಿರುಗಿಸಿ ನೋಡಿದೆ. ಸರಿಯಾಗಿತ್ತು, ಆದರೆ ನಮ್ಮ ಮನೆಯದಾಗಿರಲಿಲ್ಲ. ತಿರುಗಿ ಗೇಟಿಗೇ ಹೊಂದಿಸೋಣ ಎಂದು ಹೋಗಿ ಚಿಲಕ ಬಿಟ್ಟರೆ ಡಬ್ ಅಂದಿತು! ನೋಡಿದರೆ ನನ್ನ ರೆಕಾರ್ಡಿಂಗಿಗೆ ಸದ್ದು ಅಡ್ಡ ಬರಬಾರದೆಂದು ಇವರು ಅಂದೇ ಬೆಳಿಗ್ಗೆ ಚಿಲಕಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿಯಲ್ಲಿ ಬಿಗಿದು, ಮೇಲೆ ಅಂಟು ಬೇರೆ ಹಚ್ಚಿದ್ದರು. "ಅಲ್ಲಾ ರೀ, ನನ್ನ ಶ್ರುತಿಪೆಟ್ಟಿಗೆ ಬಾಯಿಗೆ ಬಟ್ಟೆ ತುರುಕಿದ್ದೀರಲ್ಲ!" ಅಂದೆ. "ನಿನಗೆ ಒಳ್ಳೇದು ಮಾಡಕ್ಕೆ ಹೋದ್ರೆ ಹಿಂಗೇನೇ" ಎಂದು ಗೊಣಗುತ್ತ, ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಅದನ್ನೆಲ್ಲ ಕೆರೆದು ತೆಗೆದರು. ಮತ್ತೆ ಟಣ್ ಎಂದಾಗ ಇವರು ಚಿಲಕವನ್ನು ಇನ್ನೊಮ್ಮೆ ಎತ್ತಿ ಬಿಟ್ಟರು. ಮದುವೆಯಾಗಿ ಅಪ್ಪನ ಈ ಮನೆಗೇ ಬಂದಾಗಿನಿಂದ ಕೇಳುತ್ತಿರುವ ಸದ್ದನ್ನು ಇವರು ಸ್ವರವೆಂದು ಕೇಳಿದ್ದು ಅಂದೇ ಮೊದಲು. "ಚೆನ್ನಾಗಿದೆ ಅಲ್ವೇನೇ" ಅಂದರು.

ನಾನು ಗುಂಪಿಗೆ ನಡೆದದ್ದು ನಡೆದ ಹಾಗೆ ಬರೆದು, ಗೇಟಿನ ಸದ್ದನ್ನೂ ರೆಕಾರ್ಡ್ ಮಾಡಿ ಹಾಕಿದೆ. ಹೊರಟುಹೋಗು ಅನ್ನುತ್ತಾರೇನೋ ಎಂದುಕೊಂಡಿದ್ದೆ. ಮಾರನೆಯ ದಿನ ಡಾಕ್ಟರಮ್ಮ ತಮ್ಮ ಗಿಟಾರಿನ ತಂತಿಗಳನ್ನೆಲ್ಲ ನಮ್ಮ ಗೇಟಿಗೆ ಇಳಿಸಿ ಬಾರಿಸಿ ಕಳಿಸಿದರು. ಕೀಬೋರ್ಡಿನವರು ಯಾವುದೋ ಗುಂಡಿ ಒತ್ತಿ ಇಳಿದರು. ಕೊಳಲಿನವರೊಬ್ಬರು ಮಾತ್ರ "ನಂದು ಬಿದಿರು ಕಣ್ರೀ, ಮಾತು ಕೇಳಲ್ಲ" ಎಂದು ಕೈಮುಗಿದರು. ಈಗ ಅಲ್ಲಿ ಗೇಟಿನ ಶ್ರುತಿ ಎಂದರೆ ಎಲ್ಲರಿಗೂ ಗೊತ್ತು. ನಾವು ಕಣ್ಣಾರೆ ನೋಡಿರದ ಎಷ್ಟೋ ಮನೆಗಳಲ್ಲಿ, ಬೀರುಗಳ ಮುಂದೆ, ಮಂಚದ ತುದಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಅಪ್ಪನ ನೀರಿನ ಪೈಪು ಮೊಳಗುತ್ತಿದೆ. ಅಪ್ಪ ಇದ್ದಿದ್ದರೆ ಈಗಲೂ ಯಾರೋ ಬಂದ್ರು ನೋಡ್ರೋ ಅನ್ನುತ್ತಿದ್ದರು.

ಆ ಧೈರ್ಯದ ಮೇಲೆ ಹೋದ ತಿಂಗಳು ನಿನ್ನದೊಂದನ್ನು ರೆಕಾರ್ಡ್ ಮಾಡಿದೆ. ಮೆಟ್ಟಿಲ ಮೇಲೆ ಕೂತು ಕಟ್ಟಿದ್ದೆಯಲ್ಲ, ಮೊದಲೂ ಕೊನೆಯೂ ಇದ್ದು ಮಧ್ಯವೇ ಇಲ್ಲದ್ದು, ಕೇಳಿದಾಗಲೆಲ್ಲ "ಮಧ್ಯದ್ದು ಆಮೇಲೆ ನೋಡ್ಕೊಂಡ್ರಾಯ್ತು" ಅನ್ನುತ್ತಿದ್ದೆಯಲ್ಲ, ಅದೇ. ಮೊದಲು ಗೇಟು, ಆಮೇಲೆ ನಿನ್ನ ಮೊದಲ ಭಾಗ, ಆಮೇಲೆ ನಾನು ಬರೀ ತಾಳಕ್ಕೆ ಎರಡು ತಂತಿ ಮೀಟುತ್ತ ಬಿಟ್ಟ ಜಾಗ, ಆಮೇಲೆ ನಿನ್ನ ಕೊನೆ. ಈ ಕುರ್ಚಿಗೆ ಯಜಮಾನ ಇದ್ದಾನೆ, ಯಾರೂ ಕೂರಬೇಡಿ ಎಂದು ಬರೆದೆ. ಯಾರೂ ಕೂರಲಿಲ್ಲ. ಕೈ ಎಲ್ಲಿ ನಿಂತಿತು ಎಂದು ಮಾತ್ರ ಬರೆದರು. ಡಾಕ್ಟರಮ್ಮ, ಕೀಬೋರ್ಡಿನವರು, ಕೊಳಲಿನವರು, ಅಣ್ಣಾ, ಎಲ್ಲರ ಕೈಯೂ ನಿಂತದ್ದು ಆ ಖಾಲಿ ಜಾಗದಲ್ಲೇ. "ಯಾರೋ ಬರ್ತಾರೆ ಅಂತ ಪಲ್ಯದ ಸೌಟು ಹಿಡ್ಕೊಂಡು ನಿಂತಿದ್ದೆ, ತಳ ಹಿಡೀತು" ಎಂದು ಒಬ್ಬರು ಬೈದಿದ್ದಾರೆ.

ಬೆರಳು ಬಗ್ಗಲ್ಲ ಅನ್ನುತ್ತೀಯ, ಗೊತ್ತು. ಗುಂಪಿನಲ್ಲಿ ರೈಲಜ್ಜ ಎಂದು ಒಬ್ಬರಿದ್ದಾರೆ, ರೈಲು ಓಡಿಸಿ ನಿವೃತ್ತರಾದವರು. ಸಂಧಿವಾತದಿಂದ ಅವರ ಎಡಗೈ ಮುಷ್ಟಿಯಾಗಿ ಹೋಗಿದೆ. ಅವರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾರೆ. ತಂತಿಗಳನ್ನು ಸ್ವಲ್ಪ ಎತ್ತರಿಸಿ, ಎಡಗೈಯಲ್ಲಿ ಒಂದು ನುಣುಪಾದ ಉಕ್ಕಿನ ತುಂಡನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ, ಬಲಗೈಯಲ್ಲಿ ಮೀಟುತ್ತಾರೆ. ಬೆರಳು ಮಡಿಸಿ ಒತ್ತುವ ಕೆಲಸವೇ ಇಲ್ಲ. ಸ್ವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಟ್ಟಿಲಿಳಿಯದೆ ಹರಿದು ಹೋಗುತ್ತದೆ. "ಅಷ್ಟು ವರ್ಷ ಕಂಬಿ ಮೇಲೆ ರೈಲು ಓಡಿಸ್ದೆ, ಈಗ ತಂತಿ ಮೇಲೆ ಕಂಬಿ ಓಡಿಸ್ತೀನಿ. ನಿಮ್ಮಣ್ಣಂಗೆ ಹೇಳಮ್ಮ, ಮೊದಲು ಒಂದಷ್ಟು ದಿನ ಬೆಕ್ಕು ಅತ್ತ ಹಾಗೆ ಕೇಳುತ್ತೆ, ಹೆಂಡತಿ ಬೈತಾಳೆ, ಆಮೇಲೆ ಅವಳೇ ಬಂದು ಪಕ್ಕದಲ್ಲಿ ಕೂತ್ಕೋತಾಳೆ" ಎಂದಿದ್ದಾರೆ. ಅತ್ತಿಗೆ ಬೈಯುವುದಿಲ್ಲ. ಊಟಕ್ಕೆ ಕೂತರೆ ನಿನ್ನ ಬಲಗೈ ತಟ್ಟೆಯ ಪಕ್ಕ ಸುಮ್ಮನಿರುವುದಿಲ್ಲ, ಏನನ್ನೋ ಮೀಟುತ್ತಲೇ ಇರುತ್ತದೆ ಎಂದು ನನಗೆ ಹೇಳಿದವರೇ ಅವರು. "ಕೇಳಿದ್ರೆ ಸೊಳ್ಳೆ ಅಂತಾರೆ ಕಣೇ" ಎಂದು ನಕ್ಕರು.

ಇಷ್ಟೇ ಹೇಳಬೇಕಿತ್ತು. ಬಲವಂತವಿಲ್ಲ ಎಂದು ಬರೆಯೋಣವೆಂದಿದ್ದೆ, ಅದು ಸುಳ್ಳಾಗುತ್ತದೆ. ಅತ್ತಿಗೆಗೆ ನನ್ನ ನಮಸ್ಕಾರ, ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬಾರದೆಂದು ಹೇಳು. ಇವರು ಕೇಳಿದೆನೆಂದು ಹೇಳಲು ಹೇಳಿದ್ದಾರೆ. ಮಗಳು ಮಾವನಿಗೆ ಮುತ್ತು ಕಳಿಸಿದ್ದಾಳೆ, ಓದುವುದನ್ನು ತಪ್ಪಿಸಿಕೊಳ್ಳಲು ಅದೂ ಒಂದು ನೆಪ. ನಿನ್ನ ಆರೋಗ್ಯ ಚೆನ್ನಾಗಿರಲಿ, ಎರಡೂ ಕೈಗಳು ಚೆನ್ನಾಗಿರಲಿ.

ನಿನ್ನ ಗೇಟು ಬಡಿಯುವ
ತಂಗಿ

ತಾ.ಕ.: ಇವರು ಅಂಚೆಗೆ ಹೊರಟು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈ ಕಾಗದದ ಹಿಂದೆಯೇ ನಿನಗೊಂದು ದೊಡ್ಡ ಪಾರ್ಸೆಲ್ ಬರುತ್ತದೆ. ಒದ್ದೆ ಬಟ್ಟೆ ನೇತು ಹಾಕುವ ಸಾಮಾನೇ ಅದು. ರೈಲಜ್ಜ ಹೇಳಿದ ಹಾಗೆ ತಂತಿ ಎತ್ತರಿಸಿದೆ, ಉಕ್ಕಿನ ತುಂಡು ಕಾಲುಚೀಲದೊಳಗಿದೆ. ನನಗೆ ಇವರು ಬೇರೆಯದು ತಂದುಕೊಟ್ಟಿದ್ದಾರೆ, ಆದ್ದರಿಂದ ವಾಪಸು ಕಳಿಸುವ ಮಾತಿಲ್ಲ. ದಾರಿಯಲ್ಲಿ ಒಡೆಯಬಾರದೆಂದು ತಂತಿಗಳನ್ನೆಲ್ಲ ಸಡಿಲ ಬಿಟ್ಟಿದ್ದೇನೆ. ಶ್ರುತಿ ಪೂರ್ತಿ ಹೋಗಿರುತ್ತದೆ. ರೆಕಾರ್ಡಿಂಗ್ ಕೇಳಿ ಕೂಡಿಸಿಕೊಳ್ಳುತ್ತೇನೆ ಎಂಬ ಜಾಣತನ ಬೇಡ, ಅದಕ್ಕೇ ಅದನ್ನು ನಿನಗೆ ಕಳಿಸಿಲ್ಲ. ಅತ್ತಿಗೆಗೂ ಕಳಿಸಿಲ್ಲ. ಪಾರ್ಸೆಲ್ ಬಿಚ್ಚಿದ ಕೂಡಲೇ ಫೋನ್ ಮಾಡು. "ಲೇ, ಹೋಗಿ ಗೇಟ್ ಬಡಿಯೇ" ಅಂದರೆ ಸಾಕು, ಹಲೋ ಕೂಡ ಬೇಡ. ಓಡುತ್ತೇನೆ.