ಕಾಫಿ ಸುರಿಯುವ ಕೈ

ಮೂಡಿಗೆರೆ

ನಿಖಿತಾಳಿಗೆ ಆಶೀರ್ವಾದ.

ನಮ್ಮ ತೋಟದಲ್ಲಿ ನೀನು ತೆಗೆದ ಹಾಡಿನ ವಿಡಿಯೋ ನೋಡಿದೆ. ಯಾರಿಗೂ ನಟಿಸಲು ಹೇಳದೆ, ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೇ ನಿನ್ನ ಕ್ರಮ ಎಂದು ನೀನು ಮೊದಲೇ ಹೇಳಿದ್ದೆ. ರೇಷ್ಮೆ ಸೀರೆ ಉಟ್ಟು ನಿಂತ ನನ್ನನ್ನು ಬಿಟ್ಟು, ಹಣ್ಣು ಕೊಯ್ಯುವ ದ್ಯಾವಮ್ಮನ ಲೋಟಕ್ಕೆ ಸೋಕದಂತೆ ಮೇಲಿನಿಂದ ಕಾಫಿ ಸುರಿಯುವ ನನ್ನ ಕೈಯನ್ನಷ್ಟೇ ಇಟ್ಟಿದ್ದೀಯ.

ಅವಳೂ ನೋಡಿದಳು. "ಅಮ್ಮಾ, ನಿಮ್ ಬಳೆ ಎಷ್ಟ್ ಚಂದ ಕಾಣ್ತದೆ!" ಎಂದು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

ಅದನ್ನು ತೆಗೆದುಹಾಕು, ಲೋಟ ಕೈಗೆ ಕೊಡುವ ಹಾಗೆ ಮತ್ತೆ ಚಿತ್ರೀಕರಿಸು ಎಂದು ಫೋನಿನಲ್ಲಿ ನಿನ್ನನ್ನು ಗದರಿದ್ದೆ. ಬೇಡ. ಅದು ಹಾಗೇ ಇರಲಿ.

ಈಗ ಲೋಟವನ್ನು ಅವಳ ಕೈಗೇ ಕೊಡುತ್ತಿದ್ದೇನೆ. ಅದನ್ನು ಚಿತ್ರೀಕರಿಸಲು ಮಾತ್ರ ಬರಬೇಡ.

ಇತಿ,
ಕಮಲಾಕ್ಷಮ್ಮ