ಪಕ್ಕಕ್ಕೆ ನೋಡಿದರೆ ಕಾಣುವ ದೀಪ

ಮನೆಯಿಂದ, ಮಹಡಿ ಮೇಲಿನ ಕೋಣೆ
ಹನ್ನೊಂದನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಎದುರಿಗಿದ್ದರೆ ‘ರೀ’ ಎನ್ನುತ್ತೇನೆ, ಬೇರೆಯವರ ಮುಂದೆ ‘ಇವರು’ ಎನ್ನುತ್ತೇನೆ. ಕಾಗದದಲ್ಲಿ ಏನೆಂದು ಕರೆಯಬೇಕೆಂಬುದು ಇಷ್ಟು ಓದಿಯೂ ನನಗೆ ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನೇ ಬರೆದಿದ್ದೇನೆ, ನಗಬೇಡಿ. ಹೇಗಿದ್ದೀರಿ? ಹಲ್ಲುನೋವು ಕಡಿಮೆಯಾಯಿತೇ? ನಡುನೀರಿನಲ್ಲಿ ಹಲ್ಲಿನ ಡಾಕ್ಟರು ಎಲ್ಲಿಂದ ಬರಬೇಕು ಎಂದುಕೊಂಡು ಲವಂಗದ ಎಣ್ಣೆಯ ಸೀಸೆಯೊಂದನ್ನು ಜೊತೆಗೆ ಕಳಿಸುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಏನೂ ತಿನ್ನದೆ ಮಲಗುವ ಅಭ್ಯಾಸ ಬಿಟ್ಟಿದ್ದೀರೋ ಇಲ್ಲವೋ? ಅತ್ತೆಯ ಮಂಡಿನೋವು ಈಗ ಪರವಾಗಿಲ್ಲ. ನನ್ನದು ಕೇಳಬೇಡಿ. ನಿದ್ದೆ ನನಗೆ ದೂರದ ನೆಂಟನಂತಾಗಿದೆ, ಯಾವಾಗಲೋ ಬರುತ್ತದೆ, ನೀರು ಕುಡಿಯುವಷ್ಟು ಹೊತ್ತೂ ಕೂರದೆ ಎದ್ದು ಹೋಗುತ್ತದೆ.

ನಿಮ್ಮ ಹಡಗಿನ ಅಡುಗೆಯವರ ರಜೆ ಮುಗಿಯಿತಂತೆ. ಮುಂದಿನ ಬಂದರಿನಲ್ಲಿ ನಿಮ್ಮನ್ನು ಸೇರಿಕೊಳ್ಳುವವರು, ಸಂಜೆ ಬಂದು ಕಾಗದ ಒಯ್ಯುತ್ತೇನೆ ಎಂದಿದ್ದಾರೆ. ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳುವಂತಿಲ್ಲ. ಫೋನನ್ನು ಇಟ್ಟವರು ನೀವು. ಅವತ್ತು ‘ಬುಗುರಿ, ಅಪ್ಪನ್ನ ನೋಡು. ಇಲ್ಲಿ, ಅಪ್ಪನ ಕಣ್ಣು ನೋಡು’ ಎಂದು ಕರೆದು ಕರೆದು ಸೋತು, ‘ಬಿಡು, ಅವಳ ಪಾಲಿಗೆ ನಾನು ಯಾರೋ ದಾರಿಹೋಕ. ಬಂದಾದ್ರೂ ಏನು ಮಾಡ್ಲಿ, ಇನ್ನೊಂದು ವರ್ಷಕ್ಕೆ ಸಹಿ ಹಾಕಿಬಿಡ್ತೀನಿ’ ಎಂದಿರಿ. ಅಲ್ಲಿಂದೀಚೆಗೆ ಬರುತ್ತಿರುವುದು ‘ಕ್ಷೇಮ’ ಎನ್ನುವ ಒಂದು ಪದದ ಸಂದೇಶ ಮಾತ್ರ. ನಾನೂ ‘ಕ್ಷೇಮ’ ಎಂದು ತಿರುಗಿ ಕಳಿಸುತ್ತೇನೆ. ಹೀಗೆ ಇಬ್ಬರೂ ಕ್ಷೇಮವಾಗಿ ಕೊರಗುತ್ತಿದ್ದೇವೆ.

ಸುದ್ದಿಗೆ ಬರುತ್ತೇನೆ. ಬುಗುರಿಯನ್ನು ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಂದು ಸಲವಲ್ಲ, ಹಲವು ಸಲ. ಆಡಿಸಿದರು, ಕೇಳಿದರು, ಸುಮ್ಮನೆ ಕೂತು ಗಮನಿಸಿದರು. ನಾವಿಬ್ಬರೂ ಬಾಯಿ ಬಿಟ್ಟು ಹೇಳದೇ ಇದ್ದದ್ದಕ್ಕೆ ಈಗ ಹೆಸರು ಬಂದಿದೆ. ಆಟಿಸಂ. ಅದು ಕಾಯಿಲೆಯಲ್ಲ, ಮಾತ್ರೆ ನುಂಗಿ ಕಳೆಯುವಂಥದ್ದಲ್ಲ, ಲೋಕ ಅವಳೊಳಗೆ ಇಳಿಯುವ ದಾರಿಯೇ ಬೇರೆ ಎಂದರು. ನಾನು ತಲೆಯಾಡಿಸಿದೆ, ಎಲ್ಲ ಅರ್ಥವಾದವಳ ಹಾಗೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ, ಬುಗುರಿ ಮತ್ತು ನಾನು ಕಿಟಕಿಯ ಹತ್ತಿರ ಕೂತಿದ್ದೆವು. ನನಗೆ ಅಳು ಬಂತು. ಬುಗುರಿ ನನ್ನ ಮುಖ ನೋಡಲಿಲ್ಲ. ಆದರೆ ನನ್ನ ಸೆರಗಿನ ತುದಿಯನ್ನು ಹಿಡಿದು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಇಳಿಯುವವರೆಗೂ ಬಿಡಲಿಲ್ಲ.

ಡಾಕ್ಟರಮ್ಮನ ಹತ್ತಿರ ಒಂದು ಕೋಣೆಯಿದೆ. ಟಿವಿಯಂಥ ಪರದೆ, ಅದರ ಕೆಳಗೆ ಕಣ್ಣು ಎತ್ತ ಹೋಗುತ್ತದೆಂದು ಜಾಡು ಹಿಡಿಯುವ ಕ್ಯಾಮರಾ. ಮಗುವಿಗೆ ಪರಿಚಯದ ಮುಖವೊಂದರ ವಿಡಿಯೋ ತನ್ನಿ ಎಂದಿದ್ದರು. ನೀವು ಚುಕ್ಕಾಣಿ ಕೋಣೆಯಲ್ಲಿ ನಿಂತು ಹಡಗಿನ ಇಲಿಯ ಕತೆ ಹೇಳಿದ್ದಿರಲ್ಲ, ಅದನ್ನು ಒಯ್ದೆ. ಮೊದಲು ಯಾರೋ ನಗುವ ಹೆಂಗಸು ಬಂದಳು, ಆಮೇಲೆ ನೀವು. ಬುಗುರಿ ನನ್ನ ತೊಡೆಯ ಮೇಲೆ ಮರದ ಗೊಂಬೆಯಂತೆ ಕೂತಿದ್ದಳು, ಏನೂ ನೋಡುತ್ತಿಲ್ಲವೆಂದೇ ಅಂದುಕೊಂಡೆ. ಮುಗಿದ ಮೇಲೆ ಅವಳ ನೋಟ ಹೋದ ಕಡೆಯೆಲ್ಲ ಕೆಂಪು ಚುಕ್ಕೆಯಿಟ್ಟು ತೋರಿಸಿದರು. ಆ ಹೆಂಗಸಿನ ಮುಖದ ಮೇಲೆ ಚುಕ್ಕೆಯೇ ಇಲ್ಲ, ಎಲ್ಲ ಅವಳ ಕಿವಿಯೋಲೆಯ ಮೇಲೆ. ನಿಮ್ಮದರಲ್ಲಿ ನೀಲಿ ಕೋಟಿನ ಹಿತ್ತಾಳೆ ಗುಂಡಿಯ ಮೇಲೆ ರಾಶಿ, ಕತೆ ಹೇಳುವ ಬಾಯಿಯ ಮೇಲೆ ಇನ್ನೊಂದು ರಾಶಿ. ಆಮೇಲೆ, ರೀ, ನಿಮ್ಮ ಕಣ್ಣಿನ ಅಂಚಿನಲ್ಲಿ ಒಂಟಿ ಒಂಟಿ ಚುಕ್ಕೆಗಳು. ಬಿಸಿ ಪಾತ್ರೆಯನ್ನು ಮುಟ್ಟಿ ಕೈ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಹೋಗುವುದು, ಓಡಿ ಬರುವುದು, ಮತ್ತೆ ಹೋಗುವುದು. ಡಾಕ್ಟರಮ್ಮ ಗಟ್ಟಿಗಿತ್ತಿ, ‘ಒಂದು ವಿಡಿಯೋ ಇಟ್ಕೊಂಡು ದೊಡ್ಡ ಅರ್ಥ ಕಟ್ಟಬೇಡಿ’ ಎಂದು ಮೊದಲೇ ಎಚ್ಚರಿಸಿದರು. ಕಟ್ಟಬೇಡಿ ಎಂದರೆ ಬಿಡಲು ನಾನೇನು ಡಾಕ್ಟರೇ? ನಾನು ತಾಯಿ. ಅಷ್ಟು ಸುಡುತ್ತಿದ್ದರೂ ಮತ್ತೆ ಮತ್ತೆ ಹೋಗಿ ಮುಟ್ಟಿ ಬಂದಿದ್ದಾಳೆ ಎಂದೇ ಓದಿಕೊಂಡೆ.

ಅವರು ಇನ್ನೊಂದು ಮಾತು ಹೇಳಿದರು. ಕಣ್ಣಲ್ಲಿ ಕಣ್ಣಿಟ್ಟು ಮಾತು ಕೇಳುವುದು ನಮಗೆ ಒಂದೇ ಕೆಲಸ, ಇಂಥ ಎಷ್ಟೋ ಮಕ್ಕಳಿಗೆ ಅದು ಎರಡು ಕೆಲಸ, ಅದರಲ್ಲಿ ಒಂದು ನೋವಿನದು. ‘ಅವಳು ಮುಖ ತಿರುಗಿಸಿದ್ರೆ ಬೇಡ ಅಂತಲ್ಲಮ್ಮ. ಚೆನ್ನಾಗಿ ಕೇಳಿಸ್ಕೋಬೇಕು ಅಂತಾನೂ ಇರಬಹುದು. ಗದ್ದ ಹಿಡಿದು ತಿರುಗಿಸಬೇಡಿ’ ಎಂದರು. ಇದನ್ನು ಕೇಳಿದ್ದೇ ನನಗೆ ನಮ್ಮ ಫೋನಿನ ಹೊತ್ತು ನೆನಪಾಯಿತು. ನಿಮಗೆ ಗೊತ್ತಿಲ್ಲದ ಸಂಗತಿ ಇದು, ಗೊತ್ತಾಗುವುದು ಸಾಧ್ಯವೂ ಇರಲಿಲ್ಲ. ನೀವು ‘ನೋಡು ನೋಡು’ ಎಂದಾಗ ಅವಳು ಓಡಿಹೋಗುತ್ತಾಳೆ, ನಿಜ. ಆದರೆ ಎಲ್ಲಿಗೆ? ಫೋನು ಒರಗಿಸಿಟ್ಟ ಸಕ್ಕರೆ ಡಬ್ಬಿಯ ಪಕ್ಕಕ್ಕೆ. ಅಲ್ಲಿ ಗೋಡೆಗೆ ಭುಜ ತಾಗಿಸಿ ನಿಂತು, ಮುಖ ಅಡುಗೆಮನೆಯ ಕಡೆಗಿಟ್ಟು, ಕಡೆಗಣ್ಣಿನಲ್ಲಿ ಪರದೆಯನ್ನು ನೋಡುತ್ತಾಳೆ. ಫೋನಿನ ಕ್ಯಾಮರಾಕ್ಕೆ ಆ ಜಾಗ ಕಾಣುವುದಿಲ್ಲ. ಖಾಲಿ ಕುರ್ಚಿಯನ್ನು ನೋಡಿಕೊಂಡು ನೀವು ಬೇಸರಪಡುತ್ತಿದ್ದಿರಿ, ಅವಳು ನಿಮ್ಮಿಂದ ಗೇಣು ದೂರದಲ್ಲಿ ನಿಂತಿರುತ್ತಿದ್ದಳು. ಅದನ್ನು ಒಂದು ಆಟವೆಂದುಕೊಂಡು ನಾನೂ ಹೇಳಿರಲಿಲ್ಲ.

ಮದುವೆಯಾದ ಹೊಸದರಲ್ಲಿ ತಾರಸಿಯ ಮೇಲೆ ನೀವು ನನಗೆ ಪಾಠ ಮಾಡಿದ್ದು ನೆನಪಿದೆಯೇ? ಒಂದು ಮಂಕು ನಕ್ಷತ್ರ ತೋರಿಸಿ, ಕಾಣುತ್ತಾ ಎಂದಿರಿ. ಕಣ್ಣು ಕಿರಿದು ಮಾಡಿ ನೋಡಿದೆ, ಇಲ್ಲ ಎಂದೆ. ‘ದಿಟ್ಟಿಸಿದರೆ ಮಾಯ ಆಗುತ್ತೆ ಕಣೇ. ಸ್ವಲ್ಪ ಪಕ್ಕಕ್ಕೆ ನೋಡು’ ಎಂದಿರಿ. ಪಕ್ಕಕ್ಕೆ ನೋಡಿದೆ, ಅದು ಮೂಲೆಯಲ್ಲಿ ಬಂದು ಕೂತಿತು. ಕತ್ತಲಲ್ಲಿ ದೂರದ ಹಡಗಿನ ದೀಪವನ್ನು ನೀವೆಲ್ಲ ಹುಡುಕುವುದು ಹಾಗೆಯೇ ಅಂತೆ. ‘ನಮ್ಮ ಕಾವಲಿನಲ್ಲಿ ನೆಟ್ಟಗೆ ನೋಡುವವನೇ ದಡ್ಡ’ ಎಂದು ಎದೆಯುಬ್ಬಿಸಿದಿರಿ. ಅವತ್ತು ನಕ್ಷತ್ರಕ್ಕಿಂತ ಹೆಚ್ಚಾಗಿ ನಿಮ್ಮನ್ನೇ ಪಕ್ಕಕ್ಕೆ ನೋಡುತ್ತಿದ್ದೆ, ಅದು ಬೇರೆ ಮಾತು. ಇಷ್ಟೆಲ್ಲ ಬಲ್ಲ ನೀವು ಮಗಳ ವಿಷಯದಲ್ಲಿ ಮಾತ್ರ ಯಾಕೆ ದಡ್ಡರಾದಿರಿ?

ಈಗ ಮನೆಯಲ್ಲಿ ಹೊಸ ಕ್ರಮ. ಯಾರೂ ಅವಳ ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತೇವೆ. ‘ಮುಖ ನೋಡದೆ ಮಾತಾಡೋಕೆ ನಾವೇನು ಜಗಳ ಆಡಿದ್ದೀವಾ’ ಎಂದು ಅತ್ತೆ ಮೊದಲು ಗೊಣಗಿದರು. ಈಗ ಮಣೆ ಎಳೆದುಕೊಂಡು ಮೊಮ್ಮಗಳ ಪಕ್ಕದಲ್ಲಿ ವಾಷಿಂಗ್ ಮೆಷಿನ್ನಿನ ಗಾಜಿನ ಬಾಗಿಲ ಮುಂದೆ ಕೂತು ಬಟ್ಟೆ ಸುತ್ತುವುದನ್ನು ನೋಡುತ್ತಾರೆ. ನಿನ್ನೆ ನನ್ನನ್ನು ಕೂಗಿ, ‘ಏನಮ್ಮಾ, ಇದಕ್ಕೆ ಇಂಟರ್ವಲ್ ಇಲ್ವಾ’ ಎಂದರು. ಬುಗುರಿ ನಕ್ಕಳು. ಅಜ್ಜಿಯನ್ನು ನೋಡದೆ, ಮೆಷಿನ್ನಿನ ಕಡೆಗೇ ಮುಖವಿಟ್ಟು, ಆದರೆ ಅಜ್ಜಿಯ ಮಾತಿಗೇ ನಕ್ಕಳು. ಅವಳ ಇನ್ನೊಂದು ಪಕ್ಕ ಖಾಲಿಯಿತ್ತು. ಬಟ್ಟೆ ಒಣಹಾಕುವ ನೆಪದಲ್ಲಿ ನಾನು ಮೇಲೆ ಬಂದುಬಿಟ್ಟೆ. ನಿಮ್ಮ ಹಳೆಯ ಅಂಗಿಯನ್ನು ಕೊಳೆಯಾಗದಿದ್ದರೂ ಆಗಾಗ ಒಗೆಯಲು ಹಾಕುತ್ತೇನೆ. ತಂತಿಯ ಮೇಲೆ ಗಂಡಸಿನ ಅಂಗಿಯೊಂದಿದ್ದರೆ ಮನೆ ತುಂಬಿದ ಹಾಗಿರುತ್ತದೆ.

ಬನ್ನಿ ಎಂದು ಬಲವಂತ ಮಾಡಲು ನಾನು ಈ ಕಾಗದ ಬರೆಯುತ್ತಿಲ್ಲ. ಕೆಲಸ ನಿಮ್ಮದು, ಸಹಿಯೂ ನಿಮ್ಮದು. ಆರೋಗ್ಯ ನೋಡಿಕೊಳ್ಳಿ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಇಡಿ, ಸುರಿದುಕೊಳ್ಳಬೇಡಿ. ಅತ್ತೆಯ ಆಶೀರ್ವಾದ ನಿಮಗೂ, ಅರ್ಧ ನಿಮ್ಮ ಕ್ಯಾಪ್ಟನ್‌ಗೂ ಅಂತೆ, ಅವರು ಒಳ್ಳೆಯ ಬುದ್ಧಿಯಿಂದ ರಜೆ ಕೊಡಲಿ ಎಂದು.

ಇಂತಿ ನಿಮ್ಮವಳು,
ಬುಗುರಿಯ ಅಮ್ಮ

ತಾ.ಕ.: ಅಡುಗೆಯವರು ಬಂದಿದ್ದಾರೆ, ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾರೆ, ಹೊಸ್ತಿಲ ಹತ್ತಿರ ಕೂತು ಬರೆಯುತ್ತಿದ್ದೇನೆ. ನಿಮ್ಮದರಂಥದೇ ನೀಲಿ ಕೋಟು ಹಾಕಿಕೊಂಡು ಬಂದಿದ್ದಾರೆ. ಬುಗುರಿ ಒಳಗಿನಿಂದ ಓಡಿ ಬಂದಳು. ‘ಏನು ಪುಟ್ಟಮ್ಮಾ’ ಎಂದರೂ ಅವರ ಮುಖ ನೋಡಲಿಲ್ಲ. ಕೋಟಿನ ಹಿತ್ತಾಳೆ ಗುಂಡಿಯನ್ನು ಒಂದು ಸಲ ಮುಟ್ಟಿದಳು, ಅವರ ಪಕ್ಕದಿಂದ ನುಸುಳಿ ಹೊರಗೆ ಹೋದಳು. ‘ಅವರೊಬ್ಬರೇ ಬಂದಿರೋದು ಕಣೇ’ ಎಂದು ಅತ್ತೆ ಕರೆದರೂ ಬರುತ್ತಿಲ್ಲ. ಇವರ ಹಿಂದೆ ಇನ್ನೊಬ್ಬರು ಹತ್ತಿ ಬರಬೇಕು ಎನ್ನುವ ಹಾಗೆ ಬೀದಿಯಿಂದ ಮೇಲೇರುವ ಮೆಟ್ಟಿಲನ್ನು ನೋಡುತ್ತಾ ನಿಂತಿದ್ದಾಳೆ. ಕಡೆಗಣ್ಣಿನಲ್ಲಲ್ಲ, ನೇರವಾಗಿ. ಸಹಿ ಹಾಕಬೇಡಿ.