ಅಲಮಾರು ಎಂದರೇನು

ಅಪ್ಪಾ,

ನೀನಿದ್ದಿದ್ದರೆ ಇದನ್ನು ಮನೆಗೆ ಬಂದವಳೇ ಹೇಳುತ್ತಿದ್ದೆ. ಇವತ್ತು ತರಗತಿಯಲ್ಲಿ 'ಅಲಮಾರು' ಪದದ ಬೇರು ವಿವರಿಸಿದೆ. ಪೋರ್ಚುಗೀಸರ ಅರ್ಮಾರಿಯು, ಫ್ರೆಂಚರ ಅರ್ಮ್ವಾರ್, ಇಟಲಿಯವರ ಅರ್ಮಾದಿಯೊ, ಎಲ್ಲವೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಮೂಲದಲ್ಲಿ ಅದು ಆಯುಧ, ಸಲಕರಣೆ ಇಡುವ ಜಾಗ.

ಸಂಜೆ ಪಾಠಕ್ಕೆ ಬರುವ ದರ್ಜಿಯಮ್ಮ, "ಹಾಗಾದ್ರೆ ನಮ್ಮನೆಯವ್ರು ಅಲಮಾರಲ್ಲಿ ಸ್ಪ್ಯಾನರ್ ಇಡೋದು ಸರೀನೇ ಅನ್ನಿ! ಸುಮ್ನೆ ಬೈತಿದ್ದೆ," ಎಂದರು. ಎಲ್ಲರೂ ನಕ್ಕರು. ನನಗಾಗಲಿಲ್ಲ.

ನೀನೇ ಮಾಡಿದ ಅಲಮಾರಿನಲ್ಲಿ ನಿನ್ನ ಬಡಗಿ ಕೆಲಸದ ಉಳಿ, ಗರಗಸಗಳಿರುತ್ತಿದ್ದವು. ಕಾಲೇಜಿನ ಗೆಳತಿಯರು ಮನೆಗೆ ಬಂದ ದಿನ ಅವರೆದುರೇ, "ಅಲಮಾರು ಅಂದ್ರೇನು ಅಂತಾನೂ ಗೊತ್ತಿಲ್ವಾಪ್ಪಾ ನಿಂಗೆ?" ಅಂದಿದ್ದೆ. ಅವರು ಹೋದ ಮೇಲೆ ನೀನು ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿದೆ. ಚೀಲದ ಬಾಯಿ ಅಗಲಿಸಿ ಹಿಡಿದು ನಿಂತವಳು ನಾನೇ.